ಒದ್ದೆ ಪುಸ್ತಕ ಕಟ್ಟಿದ ಕೈ

“ಏನ್ರೀ ದಫೇದಾರ್ರೇ, ಜೀವಮಾನದಲ್ಲಿ ಒಂದಾದ್ರೂ ಪುಸ್ತಕ ಪೂರ್ತಿ ಓದಿದೀರೇನ್ರೀ?”

ಸಮಾವೇಶದ ಅಧ್ಯಕ್ಷರು ಕೇಳಿದ್ದು ಮೈಕಿನಲ್ಲಿ. ಮೈಕನ್ನು ಒಂದು ಗೇಣು ಆಚೆ ಸರಿಸಿ ಕೇಳಬಹುದಿತ್ತು. ಸರಿಸಲಿಲ್ಲ. ಬಾಯಿಗೆ ಇನ್ನಷ್ಟು ಹತ್ತಿರ ತಂದುಕೊಂಡರು.

ಊರೂರುಗಳಿಂದ ಹೆಗಲಿಗೆ ಚೀಲ ಹಾಕಿಕೊಂಡು ಬಂದಿದ್ದ ಗ್ರಂಥಾಲಯದ ನೌಕರರೆಲ್ಲ ತಲೆಯೆತ್ತಿ ನೋಡಿದರು. ವೇದಿಕೆಯ ಮೆಟ್ಟಿಲ ಬುಡದಲ್ಲಿ, ಟೋಪಿ ಕಂಕುಳಲ್ಲಿಟ್ಟುಕೊಂಡು ದಫೇದಾರ ನಿಂತಿದ್ದ. ಅವನು ಕೇಳಿದ್ದು ಇಷ್ಟೇ: ಸಂಜೆಯವರೆಗೆ ಯಾರೂ ಕಟ್ಟಡ ಬಿಟ್ಟು ಹೋಗಬಾರದು ಅಂತ ಒಂದು ಮಾತು ಹೇಳಿಬಿಡಿ ಸಾರ್.

“ತಪ್ಪು ತಿಳ್ಕೋಬೇಡಿ. ಓದಿದ್ರೆ ಯಾವ ಕಡೆಯಿಂದ ಶುರು ಮಾಡಿದ್ರಿ ಅಂತ ಕೇಳ್ತಿದೀನಿ. ಈ ಕೇಸನ್ನ ನೀವು ಹಿಂದಿನ ರಟ್ಟಿನಿಂದ ಓದ್ತಿರೋ ಹಾಗಿದೆ. ಮೊದಲು ಅಪರಾಧೀನ ಲಾಕಪ್ಪಿಗೆ ಹಾಕಿ, ಆಮೇಲೆ ಬಂದು ಕಥೆ ಏನು ಅಂತ ನಮ್ಮನ್ನ ಕೇಳ್ತೀರಲ್ಲ!”

ನಗು ಮುಂದಿನ ಸಾಲಿನಿಂದ ಹಿಂದಿನ ಸಾಲಿಗೆ ಹರಿಯಿತು. ಅಧ್ಯಕ್ಷರಿಗೆ ಅಷ್ಟಕ್ಕೇ ತೃಪ್ತಿಯಾಗಲಿಲ್ಲ.

“ನೋಡಿ, ಒಂದೇ ಮನೇಲಿ ಹುಟ್ಟಿದೋರು. ಅಕ್ಕನ ಕೈಗೆ ಅಕ್ಷರ ಹತ್ತಿತು, ತಮ್ಮನ ಕೈಗೆ ಲಾಠಿ ಹತ್ತಿತು.”

ಈ ಸಲ ಚಪ್ಪಾಳೆಯೂ ಬಂತು. ಮೂರನೇ ಸಾಲಿನಲ್ಲಿ ಕುಳಿತಿದ್ದ ಅಕ್ಕ ಮಾತ್ರ ನಗಲಿಲ್ಲ. ತೊಡೆಯ ಮೇಲಿದ್ದ ಕೈಗಳನ್ನೇ ನೋಡುತ್ತಿದ್ದಳು.

ಮನೆಯಲ್ಲಿ ಒಬ್ಬರನ್ನು ಮಾತ್ರ ಓದಿಸಲು ಆಗುತ್ತದೆ ಎಂದಾಗ ಸ್ಕೂಲ್ ಚೀಲವನ್ನು ಮೊಳೆಗೆ ನೇತುಹಾಕಿ ಹೊರಗೆ ನಡೆದವನು ತಮ್ಮ. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಇದೇ ಗ್ರಂಥಾಲಯದಲ್ಲಿ ಕೆಲಸ ಮಾಡುವ ಅಕ್ಕನೇ ಆಫೀಸಿನಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದಳು. ಆ ಮಾತು ಈಗ ಹೀಗೆ ಮೈಕಿನಲ್ಲಿ ವಾಪಸ್ ಬಂದಿತ್ತು. ದಫೇದಾರನ ಕಿವಿ ಕಾದ ಹೆಂಚಾಗಿತ್ತು. ಅವನು ಹಿಂದೆ ಹೋಗಿ, ಬಾಗಿಲ ಪಕ್ಕದ ಮುರುಕು ಕುರ್ಚಿಯಲ್ಲಿ ಕುಳಿತ.

ನಿನ್ನೆ ಬೆಳಿಗ್ಗೆ, ಇದೇ ಸಮಾವೇಶದ ಉದ್ಘಾಟನೆ ಮುಗಿಯುವಷ್ಟರಲ್ಲಿ, ನೆಲಮಾಳಿಗೆಯ ಹಳೆಯ ಪುಸ್ತಕಗಳನ್ನು ಕಾಯುತ್ತಿದ್ದ, ಸಿಬ್ಬಂದಿಯೆಲ್ಲ ತಾತ ಅನ್ನುತ್ತಿದ್ದ ಮುದುಕ ತಲೆಯೊಡೆದು ಸತ್ತು ಬಿದ್ದಿದ್ದು ಗೊತ್ತಾಗಿತ್ತು. ಮೇಲೆ ನೀರಿನ ಪೈಪು ಒಡೆದಿತ್ತು, ಬಾಗಿಲಿಗೆ ಹೊರಗಿನಿಂದ ಬೀಗ ಬಿದ್ದಿತ್ತು, ಕೀಲಿಗೊಂಚಲು ವಾಚ್‌ಮನ್ ಸೊಂಟದಲ್ಲಿತ್ತು. ಠಾಣೆಯ ಸಾಹೇಬರಿಗೆ ಅಷ್ಟು ಸಾಕಾಗಿತ್ತು. ವಾಚ್‌ಮನ್ ಈಗ ಲಾಕಪ್ಪಿನಲ್ಲಿದ್ದ. ಅವನ ತಾಯಿ ಗ್ರಂಥಾಲಯದ ಹೊರಮೆಟ್ಟಿಲ ಮೇಲೆ ಕುಳಿತಿದ್ದಳು. ಬಂದು ಹೋಗುವ ಪೊಲೀಸರನ್ನೆಲ್ಲ ಒಂದೇ ಮಾತು ಕೇಳುತ್ತಿದ್ದಳು. “ಅಪ್ಪಾ, ಯಾವಾಗ ಬಿಡ್ತೀರಾ?”

ಸಂಜೆಗೆ ಕಾಗದಪತ್ರ ಮುಗಿಸು ಅಂತ ಸಾಹೇಬರ ಹುಕುಂ ಆಗಿತ್ತು. ಸಂಜೆಯಾದರೆ ವಾಚ್‌ಮನ್ ಜೈಲಿಗೆ. ಯಾಕೋ ದಫೇದಾರನ ಹೊಟ್ಟೆಯಲ್ಲಿ ಅದು ಜೀರ್ಣವಾಗುತ್ತಿರಲಿಲ್ಲ.

ಮನುಷ್ಯ ಸತ್ತ ಕಟ್ಟಡದಲ್ಲೇ ಸಮಾವೇಶ ನಡೆದಿತ್ತು. ಒಂದು ನಿಮಿಷ ಮೌನ, ಆಮೇಲೆ ಟೀ, ಆಮೇಲೆ ವೃತ್ತಿಯ ಭವಿಷ್ಯ. ಕಿಟಕಿಗಳಿಗೆ ಹಳೆಯ ಕಂದು ಪರದೆ ಎಳೆದಿದ್ದರು. ಹಗಲಿನಲ್ಲೂ ದೀಪ ಬೇಕಾಗಿತ್ತು.

“ನಮ್ಮ ಕೆಲಸ ಇನ್ನೆಷ್ಟು ದಿನ ಅನ್ನೋದೇ ಪ್ರಶ್ನೆ,” ಅಧ್ಯಕ್ಷರು ಶುರು ಮಾಡಿದರು. ಇದೇ ಗ್ರಂಥಾಲಯದ ಮುಖ್ಯಸ್ಥರಾಗಿದ್ದು ನಿವೃತ್ತರಾದವರು. ಕುರ್ಚಿ ಬಿಟ್ಟರೂ ಗತ್ತು ಬಿಟ್ಟಿರಲಿಲ್ಲ, ಸ್ಕ್ಯಾನಿಂಗ್ ಕೆಲಸದ ಉಸ್ತುವಾರಿಯನ್ನೂ ಬಿಟ್ಟಿರಲಿಲ್ಲ. “ಕೆಳಗಿರೋ ಹಳೇ ಪುಸ್ತಕ ಅಷ್ಟೂ ಸ್ಕ್ಯಾನ್ ಆಗಬೇಕು. ಆಗುತ್ತೆ. ಒಂದು ಎಲೆಗೂ ನೋವಾಗದ ಹಾಗೆ ಆಗುತ್ತೆ. ಅದು ನನ್ನ ಮಾತು.”

ಹಿಂದಿನ ಸಾಲಿನಿಂದ ಬಡಕಲು ಆಸಾಮಿಯೊಬ್ಬ ಎದ್ದ. “ಸಾರ್, ಎಲ್ಲಾ ಸ್ಕ್ಯಾನ್ ಆದ್ಮೇಲೆ ನಾವೇನ್ ಮಾಡೋದು?”

“ನೀವು ಜ್ಞಾನ ಹಂಚ್ತೀರಿ.”

“ಅದನ್ನ ಈಗ್ಲೂ ಹಂಚ್ತಿದೀವಿ ಸಾರ್. ಇಸ್ಕೊಳ್ಳೋರೇ ಬರ್ತಿಲ್ಲ.”

ಈ ಮಾತಿಗೆ ನಗು ಬರಲಿಲ್ಲ. ಅಧ್ಯಕ್ಷರು ಗಡಿಯಾರ ನೋಡಿಕೊಂಡು ಬೈಂಡರ್ ಮೇಷ್ಟ್ರನ್ನು ಕರೆದರು.

ಮೇಷ್ಟ್ರು ಅಂದರೆ ಪಾಠದ ಮೇಷ್ಟ್ರಲ್ಲ. ಊರಿನ ಹರಿದ ಪುಸ್ತಕಗಳನ್ನೆಲ್ಲ ಹೊಲಿದು ಹೊಲಿದು ಬೆನ್ನು ಬಾಗಿಸಿಕೊಂಡ ಮುದುಕ. ಒಂದು ಬಕೆಟ್ಟು, ಒಂದು ಹಳೆಯ ದಪ್ಪ ಪುಸ್ತಕ, ಬ್ಲಾಟಿಂಗ್ ಪೇಪರು, ಬಿಳಿಯ ಲಾಡಿಯ ಉಂಡೆ ಇಷ್ಟನ್ನು ಮೇಜಿನ ಮೇಲೆ ಜೋಡಿಸಿಕೊಂಡ.

“ಭಾಷಣ ನನಗೆ ಬರಲ್ಲ. ಕೆಳಗೆ ನಿನ್ನೆ ನೀರು ನುಗ್ಗಿತು. ನಾಳೆ ನಿಮ್ಮೂರಲ್ಲೂ ನುಗ್ಗುತ್ತೆ. ಅದಕ್ಕೇ ತೋರಿಸ್ತೀನಿ.” ಪುಸ್ತಕವನ್ನು ಬಕೆಟ್ಟಿನಲ್ಲಿ ಅದ್ದಿದ. ಮುಂದಿನ ಸಾಲಿನ ಹೆಂಗಸರು “ಅಯ್ಯೋ” ಅಂದರು.

“ಅಯ್ಯೋ ಅನ್ನಬಾರದು, ಕಲೀಬೇಕು. ಒದ್ದೆ ಪುಸ್ತಕನ ತೆರೀಬಾರದು, ಹಿಂಡಬಾರದು. ಮೊದಲು ಈ ಪೇಪರ್ ಸುತ್ತು. ಆಮೇಲೆ ಲಾಡಿ. ಬೆನ್ನು ಮುರಿದ ಹಳೇ ಪುಸ್ತಕಕ್ಕೆ ನಾವು ಲಾಡಿ ಹೇಗೆ ಕಟ್ತೀವಿ? ಪಾರ್ಸಲ್ ಕಟ್ಟಿದ ಹಾಗೆ, ಅಡ್ಡ ಒಂದು, ಉದ್ದ ಒಂದು. ಒದ್ದೆಯಾದ್ದಕ್ಕೆ ಹಾಗಲ್ಲ. ಮುರಿದ ಕೈಗೆ ಬ್ಯಾಂಡೇಜ್ ಸುತ್ತಿದ ಹಾಗೆ, ಕೆಳಗಿಂದ ಮೇಲಕ್ಕೆ, ಒಂದರ ಪಕ್ಕ ಒಂದು. ಇಲ್ಲದಿದ್ರೆ ಉಬ್ಬಿಕೊಂಡು ರಟ್ಟು ಹಾರಿಹೋಗುತ್ತೆ. ಗಂಟು ಎಲೆ ತೆರೆಯೋ ಕಡೆಗೆ ಬರಬೇಕು, ಬೆನ್ನಿನ ಕಡೆ ಬಂದ್ರೆ ಗುರುತು ಬೀಳುತ್ತೆ.”

ದಫೇದಾರ ಕುರ್ಚಿಯಲ್ಲಿ ನೆಟ್ಟಗಾದ.

ತಾತನ ಹೆಣದ ಪಕ್ಕದ ಕಬ್ಬಿಣದ ಮೇಜಿನ ಮೇಲೆ ಲಾಡಿ ಕಟ್ಟಿದ ಪುಸ್ತಕವೊಂದಿತ್ತು. ಅವನೇ ಕೈಯಾರೆ ಎತ್ತಿ ಪ್ಲಾಸ್ಟಿಕ್ ಕವರಿಗೆ ಹಾಕಿ ಜೀಪಿನಲ್ಲಿಟ್ಟಿದ್ದ. ನೆಲಮಾಳಿಗೆಯ ಕಪಾಟುಗಳಲ್ಲಿ ಲಾಡಿ ಕಟ್ಟಿದ ಪುಸ್ತಕಗಳಿಗೆ ಲೆಕ್ಕವೇ ಇರಲಿಲ್ಲ. ಇದೂ ಅಂಥದ್ದೇ ಒಂದು ಅಂದುಕೊಂಡಿದ್ದ. ಆದರೆ ಆ ಲಾಡಿ ಪಾರ್ಸಲ್ ಥರ ಇರಲಿಲ್ಲ. ಬ್ಯಾಂಡೇಜಿನ ಥರ ಇತ್ತು.

ಅಂದರೆ ಅದನ್ನು ಕಟ್ಟಿದ್ದು ಪೈಪು ಒಡೆದ ಮೇಲೆ. ತಾತ ಕಟ್ಟಿರಲಾರ, ಅವನ ಬಲಗೈ ಹೋದ ವಾರದಿಂದ ಪ್ಲಾಸ್ಟರಿನಲ್ಲಿತ್ತು. ಆ ಪ್ಲಾಸ್ಟರಿನ ಮೇಲೆ ಸಿಬ್ಬಂದಿಯೆಲ್ಲ ಸೇರಿ ತಮಾಷೆಗೆ ‘ಹೊರಗೆ ಕೊಡುವಂತಿಲ್ಲ’ ಅನ್ನುವ ಸೀಲು ಒತ್ತಿದ್ದರು. ಶವಾಗಾರದಲ್ಲಿ ದಫೇದಾರ ಆ ಸೀಲನ್ನು ಎರಡು ಸಲ ಓದಿದ್ದ.

ಹಾಗಾದರೆ ಇನ್ನೊಬ್ಬರು ಅಲ್ಲಿದ್ದರು. ಕಾಲಬುಡದಲ್ಲಿ ಮನುಷ್ಯ ರಕ್ತ ಸುರಿಸಿಕೊಂಡು ಬಿದ್ದಿರುವಾಗ ಅಲ್ಲೇ ನಿಂತು ಸಾವಧಾನವಾಗಿ ಪುಸ್ತಕಕ್ಕೆ ಬ್ಯಾಂಡೇಜು ಸುತ್ತಿದ್ದರು. ವಾಚ್‌ಮನ್ ಆಗಿದ್ದರೆ ಓಡುತ್ತಿದ್ದ. ಕಳ್ಳನಾಗಿದ್ದರೆ ಪುಸ್ತಕ ಕಟ್ಟುತ್ತಿರಲಿಲ್ಲ. ಇಂಥ ಕೆಲಸ ಮಾಡಲು ಈ ಸಭಾಂಗಣದಲ್ಲಿ ಕುಳಿತ ಜಾತಿಯವರೇ ಬೇಕು.

“ನನ್ನ ಕೈ ನಡುಗುತ್ತೆ,” ಮೇಷ್ಟ್ರು ವೇದಿಕೆಯ ಮೇಲೆ ಹೇಳುತ್ತಿದ್ದ. “ಹೋದ ವರ್ಷ ಇಲ್ಲಿ ಕಲಿಸಿದಾಗ ನೆಟ್ಟಗೆ ಕಲಿತೋರು ಇಬ್ಬರೇ. ಒಬ್ಬ ತಾತ, ಪಾಪ ಹೋಗಿಬಿಟ್ಟ. ಇನ್ನೊಬ್ಬಳು ಇಲ್ಲೇ ಇದಾಳೆ. ಬಾಮ್ಮ, ನೀನೇ ತೋರಿಸು. ನಾಚ್ಕೋಬೇಡ ಬಾ.”

ಅವನ ಬೆರಳು ಮೂರನೇ ಸಾಲಿನ ಕಡೆ ಚಾಚಿತ್ತು.

ಅಕ್ಕ ಎದ್ದಳು. ಸೆರಗು ಸರಿಮಾಡಿಕೊಂಡು ನಿಧಾನವಾಗಿ ಮೆಟ್ಟಿಲು ಹತ್ತಿದಳು. ಬ್ಲಾಟಿಂಗ್ ಪೇಪರು ಸುತ್ತಿದಳು. ಲಾಡಿ ಕೈಗೆ ತೆಗೆದುಕೊಂಡು ಒಂದು ಕ್ಷಣ ತಲೆಯೆತ್ತಿದಳು. ಸಭಾಂಗಣದ ಉದ್ದಕ್ಕೂ ಹಾದು ಅವಳ ಕಣ್ಣು ತಮ್ಮನ ಕಣ್ಣಿಗೆ ತಾಗಿತು.

ಆಮೇಲೆ ಅವಳು ಕಟ್ಟಿದಳು. ಅಡ್ಡ ಒಂದು, ಉದ್ದ ಒಂದು. ಪಾರ್ಸಲ್ ಥರ.

“ಏನಮ್ಮಾ ಇದು?” ಮೇಷ್ಟ್ರು ಬಾಯಿಬಿಟ್ಟ. “ಹೋದ ವರ್ಷ ನನಗಿಂತ ಚೆನ್ನಾಗಿ ಕಟ್ಟಿದ್ದೆಯಲ್ಲ! ಈಗಷ್ಟೇ ಹೇಳಿದೆ, ಹಾಗಲ್ಲ ಅಂತ.”

“ಮರೆತುಹೋಯ್ತು ಮೇಷ್ಟ್ರೇ,” ಅಂದಳು ಅಕ್ಕ.

ಜನ ನಕ್ಕರು. ದಫೇದಾರ ಕುರ್ಚಿಯಿಂದ ಎದ್ದು ನಿಂತ. ಸರಿಯಾಗಿ ಕಟ್ಟಿದ್ದರೆ, ಗೊತ್ತಿದ್ದವಳು ಕಟ್ಟಿದಳು ಅಂತ ಸುಮ್ಮನಾಗುತ್ತಿದ್ದನೇನೋ. ಬೇಕೆಂದೇ ತಪ್ಪು ಕಟ್ಟಿದ್ದಳು.

ಟೀಗೆ ಬಿಟ್ಟಾಗ ಅವನು ಜೀಪಿನಿಂದ ಕವರು ತಂದ. ಹೊರಮೆಟ್ಟಿಲ ಮೇಲಿನ ಮುದುಕಿ ಏನೋ ಕೇಳಿದಳು; ಕೇಳಿಸದವನಂತೆ ಒಳಗೆ ಬಂದ. ಅಕ್ಕನ ತೋಳು ಹಿಡಿದು ರಿಪೇರಿ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದ. ಕೋಣೆ ತುಂಬ ಹುಳಿ ಬಂದ ಅಂಟಿನ ವಾಸನೆ. ಗೋಡೆಗೆ ಲಾಡಿಯ ಉಂಡೆಗಳು ನೇತಾಡುತ್ತಿದ್ದವು.

ಕವರನ್ನು ಮೇಜಿನ ಮೇಲಿಟ್ಟ.

ಅವಳು ಅವನ ಮುಖ ನೋಡಲಿಲ್ಲ. ಕವರು ನೋಡಿದಳು. “ಅಯ್ಯೋ, ಪ್ಲಾಸ್ಟಿಕ್ಕಲ್ಲಿ ಇಟ್ಟಿದೀಯೇನೋ! ಬೂಷ್ಟು ಹಿಡಿಯುತ್ತೆ ಕಣೋ. ಒಂದು ರಾತ್ರಿ ಪೂರ್ತಿ ಹೀಗೇ ಇತ್ತಾ?” ಎನ್ನುತ್ತಾ ಬಿಚ್ಚಲು ಕೈ ಹಾಕಿದಳು.

“ಮುಟ್ಟಬೇಡ.”

ಆ ದನಿಗೆ ಅವಳ ಕೈ ನಿಂತಿತು.

“ಯಾಕೆ ಅಲ್ಲಿ ತಪ್ಪು ಕಟ್ಟಿದೆ?”

“ಮರೆತೆ ಅಂದೆನಲ್ಲ.”

“ಚಿಕ್ಕಂದಿನಲ್ಲಿ ನನ್ನ ಶೂ ದಾರ ಕಟ್ಟಿದೋಳು ನೀನು. ಕತ್ತಲಲ್ಲೂ ಕಟ್ತಿದ್ದೆ. ನಿನ್ನ ಬೆರಳು ಮರೆಯೋ ಬೆರಳಲ್ಲ ಅಕ್ಕ. ಸುಳ್ಳು ಹೇಳೋದಾದ್ರೆ ಅಧ್ಯಕ್ಷರ ಹತ್ರ ಹೇಳು, ನನ್ನ ಹತ್ರ ಬೇಡ.”

ಅಕ್ಕ ಸ್ಟೂಲು ಎಳೆದುಕೊಂಡು ಕುಳಿತಳು. ಹೊರಗೆ ಕಪ್ಪು ಬಸಿಗಳ ಸದ್ದು, ಯಾರದೋ ಗಹಗಹ ನಗು.

“ನಾನೇ ಕಟ್ಟಿದ್ದು,” ಅಂದಳು.

“ಮೊದಲಿಂದ ಹೇಳು.”

“ನಿನ್ನೆ ತಾತ ಮಾತಾಡಬೇಕಿತ್ತಲ್ಲ ಸಭೇಲಿ. ಕರಿಯೋಕೆ ಹೋದೆ. ಬಾಗಿಲು ತೆಗೆದೇ ಇತ್ತು. ಮೇಲಿಂದ ನೀರು ಧೋ ಅಂತ ಸುರೀತಿತ್ತು. ಕಪಾಟಿನ ಮೂಲೇಲಿ ಬಿದ್ದಿದ್ದ. ತಲೆ ಹಿಂದೆ ರಕ್ತ. ನೀರಲ್ಲಿ ಜಾರಿದನೋ, ಯಾರಾದ್ರೂ ತಳ್ಳಿದ್ರೋ ಗೊತ್ತಿಲ್ಲ. ಕೂಗಿದೆ, ಅಲ್ಲಾಡಿಸಿದೆ. ಮೂಗಿನ ಹತ್ರ ಕೈ ಇಟ್ಟೆ. ಏನೂ ಗೊತ್ತಾಗಲಿಲ್ಲ ಕಣೋ. ನನ್ನ ಕೈಯೇ ತಣ್ಣಗಾಗಿಹೋಗಿತ್ತು.”

“ಆಮೇಲೆ?”

“ತಾತ ಹೋದ ಅಂದ್ಕೊಂಡೆ. ಪುಸ್ತಕ ಇನ್ನೂ ಹೋಗಿರಲಿಲ್ಲ.”

ದಫೇದಾರ ಮೇಜಿಗೆ ಗುದ್ದಿದ. ಅಂಟಿನ ಡಬ್ಬಿ ಉರುಳಿತು. “ಬದುಕಿದ್ದ! ಡಾಕ್ಟರು ಏನಂದ್ರು ಗೊತ್ತಾ? ಬಿದ್ದ ಮೇಲೂ ತುಂಬ ಹೊತ್ತು ಉಸಿರಿತ್ತು, ಯಾರಾದ್ರೂ ಎತ್ತಿಕೊಂಡು ಬಂದಿದ್ರೆ ಉಳೀತಿದ್ದ ಅಂತ. ನೀನು ಪಕ್ಕದಲ್ಲೇ ನಿಂತು ಪುಸ್ತಕಕ್ಕೆ ಬ್ಯಾಂಡೇಜ್ ಸುತ್ತಿದೀಯ!”

“ಗೊತ್ತು. ನಿನ್ನೆ ಊಟಕ್ಕೆ ಕೂತಾಗ ನೀನೇ ಹೇಳಿದೆಯಲ್ಲ.”

ಅವನಿಗೆ ನೆನಪಾಯಿತು. ಡಾಕ್ಟರ ಮಾತು ಹೇಳುತ್ತಿದ್ದ ಹಾಗೇ ಅಕ್ಕ ತಟ್ಟೆ ಬಿಟ್ಟು ಎದ್ದು ಕೈ ತೊಳೆದಿದ್ದಳು. ಭಾವ “ಪಾಪ, ಜೊತೆಗಿದ್ದೋರು” ಅಂದಿದ್ದ. ಇವನೂ ಹಾಗೇ ಅಂದುಕೊಂಡು ಇನ್ನೆರಡು ತುತ್ತು ಹೆಚ್ಚಿಗೆ ಉಂಡಿದ್ದ.

“ಆಗಿಂದ ಗಂಟಲಲ್ಲಿ ಒಂದು ಗುಟುಕು ನೀರೂ ಇಳೀತಿಲ್ಲ,” ಅಂದಳು ಅಕ್ಕ. “ಕಣ್ಣು ಮುಚ್ಚಿದ್ರೆ ತಾತ ಬಾಯಿ ತೆರೀತಾನೆ.”

“ಬೀಗ ಯಾರು ಹಾಕಿದ್ದು?”

ಅವಳು ಉರುಳಿದ ಅಂಟಿನ ಡಬ್ಬಿಯನ್ನು ಎತ್ತಿ ನಿಲ್ಲಿಸಿದಳು.

“ಅಕ್ಕ, ಆ ಬೀಗ ಒಂದೇ ಅವನ ಕುತ್ತಿಗೆಗೆ ಬಿದ್ದಿರೋದು. ಹೊರಗಿಂದ ಬೀಗ, ಕೀ ವಾಚ್‌ಮನ್ ಹತ್ರ, ಅಷ್ಟೇ ಕೇಸು. ಅವನಮ್ಮ ನಿನ್ನೆಯಿಂದ ಮೆಟ್ಟಿಲ ಮೇಲೆ ಕೂತಿದಾಳೆ, ನೀನೂ ಅವಳನ್ನ ದಾಟಿಕೊಂಡೇ ಒಳಗೆ ಬಂದಿದೀಯ. ಹೇಳು. ಯಾರು ಹಾಕಿದ್ದು?”

“ನಾನೇ. ನನ್ನ ಕೀನಲ್ಲಿ. ನನ್ನ ಹತ್ರಾನೂ ಒಂದು ಇದೆ, ನಿನ್ನೆ ಯಾರೂ ಕೇಳಲಿಲ್ಲ. ನೆಲಮಾಳಿಗೆಯಿಂದ ಬರುವಾಗ ಬೀಗ ಹಾಕದೆ ನಾನು ಬಂದೇ ಇಲ್ಲ ಕಣೋ, ಇಷ್ಟು ವರ್ಷದಲ್ಲಿ. ಕೈ ತಾನೇ ಹಾಕಿಬಿಡ್ತು. ಹಾಕಿದ್ದು ನನಗೆ ತಿಳಿದದ್ದು ಮೇಲೆ ಬಂದ ಮೇಲೆ.”

ಅವನಿಗೆ ನಗು ಬಂತು, ಕೆಟ್ಟ ನಗು. ಸಾಯುತ್ತಿರುವವನನ್ನು ಒಳಗಿಟ್ಟು ರೂಢಿಯಂತೆ ಬೀಗ ಜಡಿದು ಬಂದ ತನ್ನ ಓದಿದ ಅಕ್ಕ. ಇವಳ ಓದಿಗಾಗಿ ತಾನು ಚೀಲ ನೇತುಹಾಕಿದ್ದು.

“ಯಾರಿಗೂ ಹೇಳಲಿಲ್ವಾ? ಕಲ್ಲಾಗಿಬಿಟ್ಟೆಯಾ?”

“ಹೇಳಿದೆ.” ಅಕ್ಕ ಈಗ ಮೊದಲ ಸಲ ತಲೆಯೆತ್ತಿದಳು. “ಸೀದಾ ಬಂದು ಅಧ್ಯಕ್ಷರ ಕಿವೀಲಿ ಹೇಳಿದೆ. ವೇದಿಕೆ ಪಕ್ಕದಿಂದ, ಅವರು ಕುರ್ಚಿಯಿಂದಲೇ ಬಗ್ಗಿ ಕೇಳಿಸ್ಕೊಂಡ್ರು. ತಾತ ಹೋಗಿಬಿಟ್ಟ, ಪೈಪ್ ಒಡೆದಿದೆ ಅಂತ. ‘ನಾನು ನೋಡ್ಕೋತೀನಿ, ಕೀ ಕೊಡು, ಈಗಲೇ ಬಾಯಿಬಿಟ್ರೆ ಸಭೆ ಕೆಡುತ್ತೆ, ಹೋಗಿ ಕೂತ್ಕೋ’ ಅಂದ್ರು. ಕೀ ಅವರ ಕೈಗೇ ಕೊಟ್ಟೆ. ಮಧ್ಯಾಹ್ನ ನೋಡಿದ್ರೆ ಅದು ನನ್ನ ಮೇಜಿನ ಡ್ರಾಯರಲ್ಲಿತ್ತು.”

ದಫೇದಾರನಿಗೆ ಇನ್ನೊಂದು ಮಾತು ನೆನಪಾಯಿತು. ನಿನ್ನೆ ಹೇಳಿಕೆ ಬರೆದುಕೊಂಡಾಗ ಅಧ್ಯಕ್ಷರು ಎದೆಗೆ ಕೈಯಿಟ್ಟು ಹೇಳಿದ್ದರು, ‘ನನಗೆ ಗೊತ್ತಾಗಿದ್ದು ಎಲ್ಲರ ಜೊತೆಗೇ’ ಅಂತ.

“ಕೇಳಿಸ್ಕೊಂಡವರು ಯಾರಿದ್ರು?”

“ಯಾರೂ ಇಲ್ಲ. ಮೈಕ್ ಕೂಗ್ತಿತ್ತು.”

“ಅಕ್ಕ, ಅವರು ಉದ್ಘಾಟನೆ ಮುಗಿಯೋವರೆಗೆ ವೇದಿಕೆ ಬಿಟ್ಟು ಇಳಿದೇ ಇಲ್ಲ. ಸಭೆಗೆ ಸಭೆಯೇ ನೋಡಿದೆ. ನಾನು ಒಬ್ಬೊಬ್ಬರನ್ನೂ ಕೇಳಿದೀನಿ.”

“ಹಾಗಾದ್ರೆ ಯಾರನ್ನೋ ಕಳಿಸಿದಾರೆ.”

“ಯಾರನ್ನ? ಯಾಕೆ?”

“ಇನ್ನೊಂದು ಪುಸ್ತಕ ತರೋಕೆ.”

ಅವನು ಮೇಜಿನ ಮೇಲಿನ ಕವರು ನೋಡಿದ. “ಇನ್ನೊಂದಾ?”

“ನಾನು ಕಟ್ಟಿದ್ದು ಎರಡು ಕಣೋ. ಇದು ಕಪಾಟಿಂದ ಬಿದ್ದಿದ್ದು. ಇನ್ನೊಂದು ತಾತನ ಎಡಗೈಲಿತ್ತು, ಎದೆಗೆ ಅವಚಿಕೊಂಡಿದ್ದ. ಬಿಡಿಸ್ಕೊಳ್ಳೋದೇ ಕಷ್ಟ ಆಯ್ತು.” ಅವಳು ಎಡಗೈಯನ್ನು ಎದೆಗೆ ಒತ್ತಿ ತೋರಿಸಿದಳು. “ಅದಕ್ಕೆ ಬೆನ್ನೇ ಇರಲಿಲ್ಲ. ಹೊಲಿಗೆ ಸಮೇತ ಮಿಷನ್ನಲ್ಲಿ ಕತ್ತರಿಸಿ ಹಾಕಿದ್ರು. ಹೊಸ ಗಾಯ, ಅಂಚು ಬೆಳ್ಳಗೆ ಹೊಳೀತಿತ್ತು. ಬೆನ್ನು ಕತ್ತರಿಸಿದ್ರೆ ಎಲೆ ಬಿಡಿಬಿಡಿ ಆಗುತ್ತೆ, ಸ್ಕ್ಯಾನಿಂಗ್ ಮಿಷನ್ ಸರಸರ ನುಂಗುತ್ತೆ. ಆಮೇಲೆ ಪುಸ್ತಕ ರದ್ದಿಗೆ. ಇಲ್ಲಿ ಒಂದು ಎಲೆಗೂ ನೋವಾಗಲ್ಲ ಅಂತ ಅವರು ಭಾಷಣ ಮಾಡ್ತಿದಾರೆ. ಕೆಳಗೆ ಆಗಲೇ ಕತ್ತರಿ ಹಾಕಿಯಾಗಿದೆ. ತಾತ ಅದನ್ನ ಸಭೇಲಿ ಎತ್ತಿ ತೋರಿಸೋನಿದ್ದ. ಬಿಡಿ ಎಲೆ ನೀರಲ್ಲಿ ಹರಡಿ ಹೋಗುತ್ತೆ ಅಂತ ಅದನ್ನ ಮೊದಲು ಕಟ್ಟಿದೆ. ಇದರ ಪಕ್ಕದಲ್ಲೇ ಇಟ್ಟು ಬಂದೆ.”

“ಮೇಜಿನ ಮೇಲೆ ಇದ್ದಿದ್ದು ಒಂದೇ.”

“ನಾನು ಇಟ್ಟಿದ್ದು ಎರಡು.”

“ನಿನ್ನೆಯೇ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನಾನು ಅಲ್ಲಿದ್ದೆ ಅಂತಾಗುತ್ತೆ. ಅಲ್ಲಿದ್ದೂ ಸಾಯೋಕೆ ಬಿಟ್ಟೆ ಅಂತಾಗುತ್ತೆ. ಮಕ್ಕಳು ಕೇಳ್ತಾವೆ. ನಿಮ್ಮ ಭಾವ ಕೇಳ್ತಾರೆ.”

ದಫೇದಾರ ಕಿಟಕಿಯ ಕಡೆ ತಿರುಗಿ ನಿಂತ. ಅಕ್ಕನ ಮಾತು ನಿಜವಾದರೆ, ಅವಳು ಬೀಗ ಹಾಕಿ ಬಂದ ಮೇಲೆ ಅದೇ ಕೀಯಿಂದ ಮತ್ತೊಬ್ಬರು ಒಳಗೆ ಹೋಗಿದ್ದರು. ಆಗ ತಾತನಿಗೆ ಉಸಿರಿತ್ತು. ಪುಸ್ತಕ ಎತ್ತಿಕೊಂಡು, ತಾತನನ್ನು ಬಿಟ್ಟು, ಮತ್ತೆ ಬೀಗ ಹಾಕಿ ಬಂದಿದ್ದರು. ಸುಳ್ಳಾದರೆ, ಆ ನೆಲಮಾಳಿಗೆಯಲ್ಲಿ ತಾತನ ಜೊತೆಗಿದ್ದವಳು ಇವಳೊಬ್ಬಳೇ. ಬೀಗ ಇವಳದು, ಕೀ ಇವಳದು, ಗಂಟು ಇವಳದು. ಎರಡನೇ ಪುಸ್ತಕವನ್ನು ಇವಳಲ್ಲದೆ ಕಂಡವರಿಲ್ಲ. ಸಭಾಂಗಣದಲ್ಲಿ ಅಷ್ಟು ಜನರ ಕಣ್ಣೆದುರು ಸುಳ್ಳು ಗಂಟು ಹಾಕಿದ ಕೈ ಇನ್ನೇನು ಮಾಡಲಾರದು?

ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಸಾಹೇಬರು. ಅವನು ಎತ್ತಲಿಲ್ಲ. ಅದು ಅತ್ತು ಅತ್ತು ಸುಮ್ಮನಾಯಿತು.

“ನನ್ನನ್ನ ಕರ್ಕೊಂಡು ಹೋಗೋದಾದ್ರೆ ಹೋಗು,” ಅಂದಳು ಅಕ್ಕ ಹಿಂದಿನಿಂದ. “ನಾನು ತಪ್ಪಿಸ್ಕೊಳ್ಳಲ್ಲ. ಆ ವಾಚ್‌ಮನ್ನ ಬಿಟ್ಟುಬಿಡು. ಅದೆಲ್ಲ ಆಮೇಲಿನ ಮಾತು. ಒಂದು ಮಾತು ಹೇಳು ಸಾಕು. ಎರಡು ಪುಸ್ತಕ ಇತ್ತು ಅಂತ ಹೇಳಿದೆನಲ್ಲ.” ಅವಳು ಎದ್ದು ಬಂದು ಅವನ ತೋಳು ಮುಟ್ಟಿದಳು. ಬೆರಳು ಮಂಜಿನಂತೆ ತಣ್ಣಗಿದ್ದವು. “ನಂಬ್ತೀಯೇನೋ ತಮ್ಮಾ?”

ಅವನು ಅವಳ ಮುಖ ನೋಡಿದ. ಜ್ವರ ಬಂದಾಗ ರಾತ್ರಿಯಿಡೀ ಹಣೆಗೆ ಬಟ್ಟೆ ಹಾಕಿದ ಮುಖ. ನಂಬುತ್ತೇನೆ ಅಂದರೆ ಅಣ್ಣತಮ್ಮಂದಿರು ಅಕ್ಕತಂಗಿಯರಿಗೆ ಹೇಳುವ ಮಾತಾಗುತ್ತದೆ. ಇಲ್ಲ ಅಂದರೆ ಪೊಲೀಸಿನವನು ಹೇಳುವ ಮಾತಾಗುತ್ತದೆ.

ಟೋಪಿ ತಲೆಗೆ ಹಾಕಿಕೊಂಡ. ಕವರು ಎತ್ತಿಕೊಂಡ. ಬಾಗಿಲು ತೆರೆದ.

“ಏಯ್, ನಿನ್ನನ್ನೇ ಕೇಳ್ತಿರೋದು.”

ಅವನು ಓಣಿಯಂಥ ಆ ಉದ್ದನೆಯ ಪಡಸಾಲೆಯಲ್ಲಿ ನಡೆದ. ಟೀ ಕಪ್ಪು ಹಿಡಿದು ನಿಂತಿದ್ದವರು ಮಾತು ನಿಲ್ಲಿಸಿ ದಾರಿ ಬಿಟ್ಟರು. ಹಿಂದೆ ಅಕ್ಕನ ದನಿ ಇನ್ನೊಮ್ಮೆ ಬಂತು, ಹೆಸರು ಹಿಡಿದು ಕರೆಯಿತು. ಮುಂದೆ, ಹೊರಬಾಗಿಲ ಬೆಳಕಿನಲ್ಲಿ, ಅವನ ಬೂಟಿನ ಸದ್ದಿಗೆ ವಾಚ್‌ಮನ್ನನ ತಾಯಿ ಮೆಟ್ಟಿಲಿಂದ ಎದ್ದು ನಿಂತಳು.

“ಅಪ್ಪಾ, ಯಾರು ಅಂತ ಗೊತ್ತಾಯ್ತಾ?”

ಅವನು ಅವಳನ್ನೂ ದಾಟಿಕೊಂಡು ಹೊರಟುಹೋದ.